ಗೌತಮ ಬರುವವರೆಗೆ

ಹೋದ ಮಳೆಗಾಲದಲ್ಲಿ ಅತ್ತೆಯ ಜೊತೆ ಒಂದು ಚಾತುರ್ಮಾಸದ ಪ್ರವಚನಕ್ಕೆ ಹೋಗಿದ್ದೆ. ಆಷಾಢ ಹುಣ್ಣಿಮೆಯ ಮರುದಿನ, ಅಂದರೆ ವೀರಶಾಸನ ಜಯಂತಿ. ಶಾಮಿಯಾನದ ಮೇಲೆ ಮಳೆ ಸುರಿಯುತ್ತಿತ್ತು, ಮೈಕು ಆಗಾಗ ಕೀಂ ಅನ್ನುತ್ತಿತ್ತು. ಮುನಿಗಳು ಆ ದಿನದ ಕಥೆ ಹೇಳಿದರು. ಮಹಾವೀರ ಸ್ವಾಮಿಗೆ ಕೇವಲಜ್ಞಾನ, ಅಂದರೆ ಎಲ್ಲವನ್ನೂ ಅರಿಯುವ ಪೂರ್ಣ ಜ್ಞಾನ, ಆಯಿತು. ದೇವತೆಗಳು ಸಮವಸರಣ, ಅಂದರೆ ಉಪದೇಶದ ಸಭಾಮಂಟಪ, ಕಟ್ಟಿದರು. ಆದರೆ 66 ದಿನ ದಿವ್ಯಧ್ವನಿಯೇ, ಅಂದರೆ ಅವರ ಉಪದೇಶದ ದನಿಯೇ, ಹೊರಡಲಿಲ್ಲ. ಆಮೇಲೆ ಅವರ ಮೊದಲ ಶಿಷ್ಯನಾಗಲಿದ್ದ ಪಂಡಿತ ಇಂದ್ರಭೂತಿ ಗೌತಮ ಬಂದ, ಅವತ್ತು ಮೊದಲ ಉಪದೇಶ ಆಯಿತು. ಇದು ದಿಗಂಬರ ಜೈನರಾದ ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದ ಕಥೆಯೇ. ಅತ್ತೆ ಮಾತ್ರ ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಅಲ್ವೋ, ಆ ಅರವತ್ತಾರು ದಿನ ಬಂದ ಜನ ಏನು ಮಾಡ್ತಿದ್ರು? ಸುಮ್ನೆ ಕೂತು ಎದ್ದು ಹೋಗ್ತಿದ್ರಾ?" ಮುನಿ ಮಹಾರಾಜರನ್ನೇ ಕೇಳಿ ಅಂದೆ. "ಛೇ, ಅಷ್ಟು ಜನರ ಎದುರು!" ಅಂದು ಸೆರಗು ಸರಿಮಾಡಿಕೊಂಡರು. ಪ್ರವಚನ ಮುಗಿಸುವಾಗ ಮುನಿಗಳೇ ಕೇಳಿದರು, ಯಾರಿಗಾದರೂ ಏನಾದರೂ ಸಂಶಯ ಇದೆಯಾ ಅಂತ. ಒಬ್ಬರೂ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಕಮಿಟಿಯವರೊಬ್ಬರು ಮೈಕು ತಗೊಂಡು ಮೊದಲ ಅಭಿಷೇಕದ ಕಳಶದ ಹರಾಜು ಶುರು ಮಾಡಿದರು. ಆಗ ನೋಡಿ, ಇಡೀ ಶಾಮಿಯಾನಕ್ಕೆ ಜೀವ ಬಂತು.

ಅತ್ತೆಯ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಮಹಾವೀರ ಜಯಂತಿಯ ಭಾಷಣಗಳಲ್ಲಿ ನಾವು ಕೇಳುವ ಮಹಾವೀರರಿಗೆ ಯಾರ ಅಗತ್ಯವೂ ಇಲ್ಲ. ಅರಮನೆ ಬಿಟ್ಟರು, ತಪಸ್ಸು ಮಾಡಿದರು, ಎಲ್ಲವನ್ನೂ ತಿಳಿದರು, ಅಹಿಂಸೆ ಬೋಧಿಸಿದರು. ಒಂದು ಬ್ಯಾನರಿಗೆ ಸಾಕಾಗುವಷ್ಟು ನೇರವಾದ ಗೆರೆ. ಪಠ್ಯಪುಸ್ತಕದವರು ಅದಕ್ಕೆ "ಜೈನಧರ್ಮದ ಸ್ಥಾಪಕ" ಅಂತಲೂ ಸೇರಿಸುತ್ತಾರೆ. ಅವರು ದಾರಿ ತೋರಿದ ತೀರ್ಥಂಕರರ ಸಾಲಿನಲ್ಲಿ 24ನೆಯವರು, ಅವರ ಹೆತ್ತವರೇ 23ನೇ ತೀರ್ಥಂಕರ ಪಾರ್ಶ್ವನಾಥರ ಅನುಯಾಯಿಗಳಾಗಿದ್ದರು ಅಂತ ಜೈನರ ಇನ್ನೊಂದು ಪಂಥವಾದ ಶ್ವೇತಾಂಬರರ ಆಗಮವೇ, ಅಂದರೆ ಧರ್ಮಗ್ರಂಥವೇ, ಹೇಳುತ್ತದೆ. ಅದು ಹಾಗಿರಲಿ. ಈ ನೇರ ಗೆರೆಯ ಮಧ್ಯೆ ಒಂದು ಕಡೆ 66 ದಿನದ ಬಿರುಕು ಇದೆ. ಎಲ್ಲ ತಿಳಿದವರು ಬಾಯಿ ತೆರೆಯದೆ ಇರುತ್ತಾರೆ. ಕಾರಣ ಅವರಲ್ಲಿಲ್ಲ, ಎದುರಿಗೆ ಇರಬೇಕಾದವನು ಇನ್ನೂ ಬಂದಿಲ್ಲ. ಭಕ್ತರು ಕಟ್ಟಿಕೊಂಡ ಚರಿತ್ರೆಯಲ್ಲಿ ಇಂಥದೊಂದನ್ನು ಮುಚ್ಚಿಡದೆ, ಅದಕ್ಕೊಂದು ಹಬ್ಬವನ್ನೂ ಮಾಡಿಕೊಂಡು ಬಂದಿದ್ದಾರಲ್ಲ, ಅದು ನನಗೆ ಬಹಳ ಇಷ್ಟ.

ಛೂ ಅಂದವರ ನಾಡಿನಲ್ಲಿ

ಮಾತಾಡದೆ ಇರುವುದು ಅವರಿಗೆ ಹೊಸದಲ್ಲ. ವೈಶಾಲಿಯ ಪಕ್ಕದ ಕುಂಡಗ್ರಾಮದಿಂದ 30ನೇ ವಯಸ್ಸಿಗೆ ಹೊರಟವರು ಮುಂದಿನ 12 ವರ್ಷಕ್ಕೂ ಮೇಲೆ ಹೆಚ್ಚಾಗಿ ಮೌನದಲ್ಲೇ ಇದ್ದರು. ಮದುವೆ ಆಗಿತ್ತೋ ಇಲ್ಲವೋ, ಹೊರಟ ದಿನವೇ ಬಟ್ಟೆ ಬಿಟ್ಟರೋ 13 ತಿಂಗಳ ನಂತರವೋ, ಇವೆಲ್ಲ ದಿಗಂಬರ ಶ್ವೇತಾಂಬರರ ಹಳೆಯ ಜಗಳ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ, ಮತ್ತೆ ಕೆದಕುವುದಿಲ್ಲ. ಆ ವರ್ಷಗಳ ಬಗ್ಗೆ ನನಗೆ ಮನಸ್ಸಿಗೆ ನಾಟಿದ್ದು ಶ್ವೇತಾಂಬರರ ಆಚಾರಾಂಗ ಸೂತ್ರದ ಒಂದು ಅಧ್ಯಾಯ. ದಿಗಂಬರರಾದ ನಾವು ಅದನ್ನು ಪ್ರಮಾಣ ಅಂತ ಒಪ್ಪುವುದಿಲ್ಲ, ಆದರೂ ಓದಬೇಕು. ಅದರಲ್ಲಿ ದೇವತೆಗಳಿಲ್ಲ, ಪುಷ್ಪವೃಷ್ಟಿ ಇಲ್ಲ. ಒಬ್ಬ ಮನುಷ್ಯ ನಡೆಯುತ್ತಾನೆ. ಕಮ್ಮಾರಸಾಲೆಯಲ್ಲಿ, ಪಾಳು ಮನೆಯಲ್ಲಿ, ಮಸಣದಲ್ಲಿ, ಮರದ ಬುಡದಲ್ಲಿ ರಾತ್ರಿ ಕಳೆಯುತ್ತಾನೆ. ಯಾರು ನೀನು ಅಂತ ಕೇಳಿದರೆ ಒಮ್ಮೆ "ಭಿಕ್ಷು" ಅನ್ನುತ್ತಾನೆ, ಇನ್ನೊಮ್ಮೆ ಸುಮ್ಮನಿರುತ್ತಾನೆ. ಸುಮ್ಮನಿದ್ದದ್ದಕ್ಕೆ ಹೊಡೆತ ಬೀಳುತ್ತದೆ.

ಲಾಢ ಅನ್ನುವ ನಾಡಿಗೆ ಹೋದಾಗ, ಅದು ಈಗಿನ ಬಂಗಾಳದ ಪಶ್ಚಿಮದ ಕಡೆ, ಅಲ್ಲಿನ ಜನ ನಾಯಿಗಳನ್ನು ಬಿಡುತ್ತಾರೆ. ನಾಯಿ ಕಚ್ಚುವಾಗ ತಡೆಯುವವರು ಒಬ್ಬಿಬ್ಬರು. ಉಳಿದವರೆಲ್ಲ ಈ ಶ್ರಮಣನನ್ನು ಕಚ್ಚಲಿ ಅಂತ "ಛೂ ಛೂ" ಅಂದರಂತೆ. ಪ್ರಾಕೃತದಲ್ಲೂ ಹೆಚ್ಚುಕಡಿಮೆ ಅದೇ ಸದ್ದು. ಎರಡು ಸಾವಿರ ವರ್ಷದ ಹಿಂದಿನ ಗ್ರಂಥದಲ್ಲಿ ನಮ್ಮೂರ ಕೇರಿಯ ಛೂ ಕೇಳಿಸಿದಾಗ ಒಂದು ಕ್ಷಣ ಪುಸ್ತಕ ಕೆಳಗಿಟ್ಟೆ. ಊರೊಳಗೆ ಕಾಲಿಡುವ ಮೊದಲೇ ಜನ ಎದುರು ಬಂದು "ಹೋಗು ಇಲ್ಲಿಂದ" ಅಂತ ಅಟ್ಟುವುದು, ಕೋಲು, ಮುಷ್ಟಿ, ಮಣ್ಣಿನ ಹೆಂಟೆ, ಇವೂ ಅದರಲ್ಲಿ ಬರುತ್ತವೆ. ಬರೆದವರು ಅಳುವುದಿಲ್ಲ, ಹೊಗಳುವುದೂ ಇಲ್ಲ. ಆಯಿತು, ಸಹಿಸಿದರು, ಮುಂದೆ ನಡೆದರು, ಅಷ್ಟೆ.

ಕೊನೆಗೆ ಜೃಂಭಿಕ ಗ್ರಾಮದ ಹತ್ತಿರ ಒಂದು ನದಿಯ ದಡ, ಒಂದು ಸಾಲವೃಕ್ಷ. ನಾವು ಆ ನದಿಯನ್ನು ಋಜುಕೂಲಾ ಅನ್ನುತ್ತೇವೆ, ಶ್ವೇತಾಂಬರರು ಋಜುವಾಲಿಕಾ ಅನ್ನುತ್ತಾರೆ. ಯಾರೋ ಒಬ್ಬ ಗೃಹಸ್ಥನ ಹೊಲದಲ್ಲಿ, ಹಸುವಿನ ಹಾಲು ಕರೆಯಲು ಕೂತಂತೆ ಕುಕ್ಕರುಗಾಲಲ್ಲಿ ಕೂತಿದ್ದಾಗ ಕೇವಲಜ್ಞಾನ ಆಯಿತು ಅನ್ನುವುದು ಅವರ ವಿವರ. ವೈಶಾಖ ಶುದ್ಧ ದಶಮಿ. ಆಗ ಅವರಿಗೆ 42 ವರ್ಷ. ನಮ್ಮ ಬಸದಿಗಳ ಪದ್ಮಾಸನದ ಮೂರ್ತಿಗಳ ಎದುರು ನಿಂತಾಗ ನನಗೆ ಒಮ್ಮೊಮ್ಮೆ ಆ ಕುಕ್ಕರುಗಾಲಿನ ಮಹಾವೀರ ನೆನಪಾಗುವುದುಂಟು.

ಲೆಕ್ಕ ಸರಿಯಾಗಿದೆ

ವೈಶಾಖ ಶುದ್ಧ ದಶಮಿಯಿಂದ ಹುಣ್ಣಿಮೆಗೆ ಆರು ದಿನ ಅಂತ ಹಿಡಿಯಿರಿ. ಆಮೇಲೆ ಎರಡು ಪೂರ್ತಿ ಚಾಂದ್ರಮಾನ ತಿಂಗಳು. ಆಷಾಢ ಹುಣ್ಣಿಮೆ ದಾಟಿದ ಬೆಳಿಗ್ಗೆಗೆ 66 ದಿನ ತುಂಬುತ್ತದೆ. ಪುರಾಣದವರು ಯಾವುದೋ ಪವಿತ್ರ ಸಂಖ್ಯೆ ಹುಡುಕಿ ಇಟ್ಟದ್ದಲ್ಲ. ಎರಡು ತಿಥಿಗಳು ಪರಂಪರೆಯಲ್ಲಿ ಗಟ್ಟಿಯಾಗಿದ್ದವು, ಮಧ್ಯೆ ಇಷ್ಟು ದಿನ ಖಾಲಿ ಉಳಿಯಿತು, ಆ ಖಾಲಿಗೆ ಕಾರಣ ಹೇಳಲೇಬೇಕಾಯಿತು. ನನಗೆ ಹಾಗನ್ನಿಸುತ್ತದೆ.

ಅತ್ತೆಯ ಪ್ರಶ್ನೆಗೆ ಅರ್ಧ ಉತ್ತರ ಹರಿವಂಶಪುರಾಣದಲ್ಲಿ ಸಿಕ್ಕಿತು. ಕ್ರಿ.ಶ. 783ರಲ್ಲಿ ಅದನ್ನು ಸಂಸ್ಕೃತದಲ್ಲಿ ಬರೆದ ಜಿನಸೇನರು ಪುನ್ನಾಟ ಸಂಘದವರು. ಪುನ್ನಾಟ ಅಂದರೆ ನಮ್ಮ ಮೈಸೂರಿನ ದಕ್ಷಿಣಕ್ಕೆ, ಕಪಿಲೆಯ ಸುತ್ತಲಿನ ಹಳೆಯ ನಾಡು. ಆದಿಪುರಾಣದ ಜಿನಸೇನರು ಬೇರೆ, ಇವರು ಬೇರೆ. ಇವರು ಹೇಳುವ ಪ್ರಕಾರ ಮಹಾವೀರರು ಆ 66 ದಿನ ಒಂದೇ ಕಡೆ ಕೂತಿರಲಿಲ್ಲ. ಮೌನವಾಗಿ ವಿಹಾರ ಮಾಡುತ್ತ ರಾಜಗೃಹಕ್ಕೆ ಬಂದರು. ಅಂದರೆ ಜನ ಕೂತು ಎದ್ದು ಹೋಗಲಿಲ್ಲ, ಅವರೇ ನಡೆದುಕೊಂಡು ಬಂದರು. ಎರಡು ತಿಂಗಳ ಬಿಸಿಲಿನಲ್ಲಿ, ಮಾತಿಲ್ಲದೆ, ಆ ಕಾಲದ ಅತಿ ದೊಡ್ಡ ರಾಜಧಾನಿಯೊಂದರ ಕಡೆಗೆ. ಅತ್ತೆಗೆ ಫೋನಿನಲ್ಲಿ ಇದನ್ನು ಹೇಳಿದೆ. "ಹಾಗಾದ್ರೆ ಹುಡುಕಿಕೊಂಡು ಬಂದ್ರು ಅನ್ನು" ಅಂದರು. ಶಾಸ್ತ್ರ ಹಾಗೆ ಹೇಳುವುದಿಲ್ಲ. ರಾಗದ್ವೇಷ ಕಳೆದುಕೊಂಡ ವೀತರಾಗಿಗೆ ಹುಡುಕುವ ಇಚ್ಛೆ ಎಲ್ಲಿಯದು? ಆದರೆ ಅತ್ತೆಯ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಶಾಸ್ತ್ರಕಾರರು ಈ ಬಿರುಕನ್ನು ನೋಡಿಯೂ ನೋಡದಂತೆ ಹೋಗಲಿಲ್ಲ. ನಮ್ಮ ಹಳೆಯ ಸಿದ್ಧಾಂತ ಗ್ರಂಥಗಳಲ್ಲಿ ಷಟ್ಖಂಡಾಗಮಕ್ಕೆ ವೀರಸೇನರು ಬರೆದ ಧವಲಾ ಟೀಕೆ, ಕಷಾಯಪಾಹುಡಕ್ಕೆ ಅವರು ಶುರು ಮಾಡಿ ಶಿಷ್ಯ ಜಿನಸೇನರು (ಆದಿಪುರಾಣದವರು ಇವರೇ) 837ರಲ್ಲಿ ಮುಗಿಸಿದ ಜಯಧವಲಾ, ಇವುಗಳ ತಾಳೆಗರಿಗಳು ಉಳಿದದ್ದು ನಮ್ಮ ಮೂಡುಬಿದಿರೆಯಲ್ಲಿ. ಹಳಗನ್ನಡ ಲಿಪಿಯಲ್ಲಿ. ಬೇರೆಲ್ಲ ಕಡೆ ನಾಶವಾಗಿ, 20ನೇ ಶತಮಾನದಲ್ಲಿ ಅಚ್ಚಾಗುವವರೆಗೆ ಅವು ಅಲ್ಲಿನ ಬಸದಿಯಲ್ಲಿ ಪೂಜೆಗೊಳ್ಳುತ್ತ ಇದ್ದವು. ಜಯಧವಲಾದಲ್ಲಿ ಈ ಮೌನದ ಬಗ್ಗೆ ಒಂದು ಪುಟ್ಟ ಪ್ರಶ್ನೋತ್ತರ ಇದೆ. ದಿವ್ಯಧ್ವನಿ ಯಾಕೆ ಹೊರಡಲಿಲ್ಲ? ಗಣಧರ, ಅಂದರೆ ಉಪದೇಶ ಕೇಳಿ ದಾಟಿಸುವ ಪ್ರಧಾನ ಶಿಷ್ಯ, ಇರಲಿಲ್ಲ, ಅದಕ್ಕೆ. ಸರಿ, ದೇವೇಂದ್ರ ಆಗಲೇ ಗಣಧರನನ್ನು ಯಾಕೆ ಕರೆತರಲಿಲ್ಲ? ಕಾಲಲಬ್ಧಿ, ಅಂದರೆ ಕೂಡಿಬರಬೇಕಾದ ಕಾಲ, ಬಂದಿರಲಿಲ್ಲ, ಅದಿಲ್ಲದೆ ದೇವೇಂದ್ರನೂ ಅಸಹಾಯಕ. ಹೋಗಲಿ, ತೀರ್ಥಂಕರರ ಪಾದದಲ್ಲೇ ಮಹಾವ್ರತ ತಗೊಂಡವನಿಗೇ ದಿವ್ಯಧ್ವನಿ ಹೊರಡಬೇಕು, ಬೇರೆಯವರಿಗೆ ಯಾಕಾಗಬಾರದು? ಅದು ಸ್ವಭಾವ. ಸ್ವಭಾವವನ್ನು ಯಾಕೆ ಅಂತ ಕೇಳಬಾರದು. ಮೂರನೇ ಪ್ರಶ್ನೆಗೆ ಬಾಗಿಲು ಹಾಕಿದ್ದಾರೆ ಅಂತ ನಗು ಬರುತ್ತದೆ. ಆದರೆ ಮೂರು ಪ್ರಶ್ನೆಯನ್ನೂ ಎತ್ತಿದವರು ಅವರೇ ಅಲ್ವಾ? ಸಾವಿರದ ಇನ್ನೂರು ವರ್ಷದ ಹಿಂದೆ ವೀರಸೇನರೋ ಜಿನಸೇನರೋ ಅತ್ತೆಗಿಂತ ಜಾಸ್ತಿ ತಲೆ ಕೆಡಿಸಿಕೊಂಡಿದ್ದರು.

ಮಾನಸ್ತಂಭದ ಬುಡದಲ್ಲಿ

ಈ ಕಥೆ ನನಗೆ ಮೊದಲು ಸಿಕ್ಕಿದ್ದು ಪುಸ್ತಕದಲ್ಲಲ್ಲ, ಕಾರ್ಕಳದ ಹಿರಿಯಂಗಡಿಯಲ್ಲಿ. ಅಜ್ಜಿ ನನ್ನನ್ನು ನೇಮಿನಾಥ ಬಸದಿಗೆ ಕರೆದುಕೊಂಡು ಹೋಗಿದ್ದರು. ಎದುರಿಗೆ ಆ ಮಾನಸ್ತಂಭ. ಒಂದೇ ಕಲ್ಲಿನದು, ತಲೆ ಎತ್ತಿ ನೋಡಿದರೆ ಕತ್ತು ನೋಯುವಷ್ಟು ಎತ್ತರ. ನಾನು ಚಪ್ಪಲಿ ಬಿಟ್ಟು ಒಳಗೆ ಓಡಲು ನೋಡಿದೆ. ಅಜ್ಜಿ ತೋಳು ಹಿಡಿದು ನಿಲ್ಲಿಸಿದರು. "ಮೊದಲು ಮೇಲೆ ನೋಡು. ಚಪ್ಪಲಿ ಒಂದೇ ಬಿಟ್ಟರೆ ಆಗಲ್ಲ, ಜಂಬಾನೂ ಇಲ್ಲೇ ಬಿಡಬೇಕು. ಗೌತಮ ಬಿಟ್ಟ ಹಾಗೆ." ಯಾವ ಗೌತಮ ಅಂದೆ. ಬಿಸಿಲಿಗೆ ಕಾದ ಅಂಗಳದಲ್ಲಿ ಕಾಲು ಬದಲಿಸುತ್ತ ನಿಂತೇ ಕಥೆ ಕೇಳಿದೆ.

ಇಂದ್ರಭೂತಿ ಮಗಧದ ಬ್ರಾಹ್ಮಣ, ಗೌತಮ ಗೋತ್ರ. ವೇದ ವೇದಾಂಗ ಅರೆದು ಕುಡಿದವನು. 500 ಶಿಷ್ಯರು. ದೇವೇಂದ್ರ ಮುದುಕ ಬ್ರಾಹ್ಮಣನ ವೇಷದಲ್ಲಿ ಅವನ ಮುಂದೆ ಬಂದು ನಿಂತ. "ನನ್ನ ಗುರು ಈ ಶ್ಲೋಕ ಹೇಳಿಕೊಟ್ಟು ಮೌನಕ್ಕೆ ಹೋದರು, ಅರ್ಥ ಯಾರನ್ನು ಕೇಳಲಿ?" ಅಂದ. ಶ್ಲೋಕದಲ್ಲಿ ಮೂರು ಕಾಲ, ಆರು ದ್ರವ್ಯ, ಒಂಬತ್ತು ಪದಾರ್ಥ, ಆರು ಲೇಶ್ಯೆ ಅಂತ ಬರುತ್ತದೆ. ಇಂದ್ರಭೂತಿಗೆ ಒಂದೊಂದು ಶಬ್ದವೂ ಗೊತ್ತು, ಒಟ್ಟು ಏನು ಅಂತ ಗೊತ್ತಿಲ್ಲ. ಆರು ದ್ರವ್ಯ ಅಂದರೆ ಯಾವುವು? ಶಿಷ್ಯರ ಎದುರು ಗೊತ್ತಿಲ್ಲ ಅನ್ನುವುದು ಹೇಗೆ? "ನಿನ್ನಂಥವನ ಜೊತೆ ಏನು ಮಾತು, ನಿನ್ನ ಗುರುವಿನ ಹತ್ತಿರವೇ ವಾದ ಮಾಡುತ್ತೇನೆ, ನಡಿ" ಅಂದ. ಇಲ್ಲಿ ಅಜ್ಜಿ ಕೈ ಬೀಸಿ, ಎದೆ ಉಬ್ಬಿಸಿ ನಡೆದು ತೋರಿಸಿದರು. ಬಸದಿಯ ಇಂದ್ರರು, ನಮ್ಮ ಕಡೆ ಪುರೋಹಿತರಿಗೆ ಹಾಗೆಯೇ ಅನ್ನುವುದು, ಜಗಲಿಯಲ್ಲಿ ನಿಂತು ನಗುತ್ತಿದ್ದರು. ರಾಜಗೃಹದ ವಿಪುಲಾಚಲ ಬೆಟ್ಟದ ಮೇಲೆ ಸಮವಸರಣದ ಮಾನಸ್ತಂಭ ಕಂಡಿತು. ಇಂದ್ರಭೂತಿ ತಲೆ ಎತ್ತಿದ, ಅಷ್ಟೆ. ಸೊಕ್ಕು ಇಳಿಯಿತು. ವಾದ ಮಾಡಲು ಬಂದವರು ದೀಕ್ಷೆ ಕೇಳಿದರು. ಅಲ್ಲಿಯವರೆಗೆ ಅಜ್ಜಿಗೆ "ಅವನು" ಆಗಿದ್ದವರು ಆ ಕಂಬ ದಾಟಿದ ಮೇಲೆ "ಅವರು" ಆದರು. ನಾನೂ ಅಜ್ಜಿಯ ವ್ಯಾಕರಣವನ್ನೇ ಪಾಲಿಸುತ್ತೇನೆ.

ಅಜ್ಜಿಗೆ ಗೊತ್ತಿರದ ಒಂದು ವಿಷಯ ಆಮೇಲೆ ಓದಿದೆ. ಶ್ವೇತಾಂಬರ ಲೆಕ್ಕದಲ್ಲಿ ಗೌತಮರು ಆಗ 50 ವರ್ಷದವರು. ಗುರುವಿಗಿಂತ ಎಂಟು ವರ್ಷ ದೊಡ್ಡವರು. 500 ಶಿಷ್ಯರನ್ನು ಕಟ್ಟಿಕೊಂಡ ಐವತ್ತರ ಪಂಡಿತ ತನಗಿಂತ ಚಿಕ್ಕವನ ಮುಂದೆ ಕೂತ. ನಮ್ಮ ಕಾಲೇಜು, ಆಫೀಸುಗಳಲ್ಲಿ ಇದನ್ನು ಊಹಿಸಿಕೊಂಡರೆ ಮಾನಸ್ತಂಭದ ಎತ್ತರ ಯಾಕೆ ಅಷ್ಟು ಬೇಕಾಯಿತು ಅಂತ ಅರ್ಥವಾಗುತ್ತದೆ.

ಶ್ವೇತಾಂಬರರಲ್ಲಿ 66 ದಿನದ ಮೌನ ಇಲ್ಲ. ಆದರೆ ಅವರಲ್ಲೂ ಮೊದಲ ಉಪದೇಶ ಸೋತಿದೆ. ಕೇಳಲು ಬಂದವರೆಲ್ಲ ದೇವತೆಗಳು. ದೇವತೆಗಳು ಚಪ್ಪಾಳೆ ತಟ್ಟಬಲ್ಲರು, ವ್ರತ ತಗೊಳ್ಳಲಾರರು. ಒಬ್ಬನೂ ದೀಕ್ಷೆ ತಗೊಳ್ಳದೆ ತೀರ್ಥಂಕರರ ಮಾತು ವ್ಯರ್ಥವಾಯಿತು ಅನ್ನುವುದನ್ನು ಅವರು ಹತ್ತು ಆಶ್ಚರ್ಯಗಳಲ್ಲಿ ಒಂದು ಅಂತ ಎಣಿಸುತ್ತಾರೆ. ಆಮೇಲೆ ಪಾವಾದಲ್ಲಿ ಸೋಮಿಲ ಅನ್ನುವವನ ಯಜ್ಞಕ್ಕೆ ಬಂದಿದ್ದ 11 ಪಂಡಿತರು ಒಬ್ಬೊಬ್ಬರಾಗಿ ವಾದಕ್ಕೆ ಹೊರಡುತ್ತಾರೆ. ಮೊದಲು ಇಂದ್ರಭೂತಿ. ಮಹಾವೀರರು ಹೆಸರು ಹಿಡಿದು ಕರೆಯುತ್ತಾರೆ. ನನ್ನ ಹೆಸರು ಯಾರಿಗೆ ಗೊತ್ತಿಲ್ಲ ಅಂತ ಇವನು ಒಳಗೇ ಬೀಗುತ್ತಾನೆ. "ಜೀವ ಇದೆಯೋ ಇಲ್ಲವೋ ಅನ್ನುವುದು ನಿನ್ನ ಸಂಶಯ, ಅಲ್ಲವೇ?" ಅಂದಾಗ ಬೆಚ್ಚುತ್ತಾನೆ. ಯಾಕೆಂದರೆ ಅದನ್ನು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ. ಶಿಷ್ಯರಿಗೆ ಪಾಠ ಹೇಳುತ್ತ, ಯಜ್ಞ ಮಾಡಿಸುತ್ತ, ಒಳಗೆ ಈ ಮುಳ್ಳು ಇಟ್ಟುಕೊಂಡು ಬದುಕಿದ್ದ. ಮಹಾವೀರರು ಅವನ ವೇದವಾಕ್ಯವನ್ನೇ ತಗೊಂಡು ಬಿಡಿಸುತ್ತಾರೆ. ಜೀವ ಇಲ್ಲ ಅನ್ನುವುದಾದರೆ ಈ ಸಂಶಯ ಪಡುತ್ತಿರುವುದು ಯಾರು ಅಂತ ಕೇಳುತ್ತಾರೆ. ಹನ್ನೊಂದು ಜನಕ್ಕೂ ಹೀಗೆ ಒಂದೊಂದು ಗುಟ್ಟಿನ ಸಂಶಯ. ಕರ್ಮ ಇದೆಯೇ, ದೇವರುಗಳಿದ್ದಾರೆಯೇ, ನರಕ ಇದೆಯೇ, ಮೋಕ್ಷ ಇದೆಯೇ. ಸಭೆಯಲ್ಲಿ ಗಟ್ಟಿಯಾಗಿ ಮಾತಾಡುವ ಹನ್ನೊಂದು ಪಂಡಿತರು, ಯಾರಿಗೂ ಒಳಗೆ ಖಾತ್ರಿ ಇರಲಿಲ್ಲ!

ಮಲಗುವುದು ಒಳ್ಳೆಯದೋ, ಏಳುವುದೋ

ಗಣಧರರು ಸಿಕ್ಕ ಮೇಲೆ 30 ವರ್ಷ ಮಾತೇ ಮಾತು. ಶ್ವೇತಾಂಬರರ ಭಗವತೀ ಸೂತ್ರದಲ್ಲಿ ಗೌತಮರು ಕೇಳಿದ ಪ್ರಶ್ನೆಗಳೇ 36,000 ಅನ್ನುವುದು ಪರಂಪರೆಯ ಲೆಕ್ಕ. ಅಣುವಿನ ಬಗ್ಗೆ, ನರಕದ ಆಯುಸ್ಸಿನ ಬಗ್ಗೆ, ಮಗು ಗರ್ಭದಲ್ಲಿ ಹೇಗೆ ಆಹಾರ ತಗೊಳ್ಳುತ್ತದೆ ಅನ್ನುವುದರ ಬಗ್ಗೆ. ನಿಜ ಹೇಳಬೇಕೆಂದರೆ ಓದುತ್ತ ಹೋದರೆ ಬೇಜಾರೂ ಆಗುತ್ತದೆ. ಆದರೆ ಮಧ್ಯೆ ಮಧ್ಯೆ ಬೇರೆಯವರು ಬಂದು ಕೇಳುತ್ತಾರೆ, ಆಗ ಪುಟಕ್ಕೆ ಕಳೆ ಬರುತ್ತದೆ. ಕೌಶಾಂಬಿಯ ರಾಜ ಉದಯನನ ಸೋದರತ್ತೆ ಜಯಂತಿ ಅಂಥವಳು. ಮಹಾವೀರರ ಎದುರು ಕೂತು ಅವಳು ಕೇಳುತ್ತಾಳೆ: ಮಲಗಿರುವುದು ಒಳ್ಳೆಯದೋ, ಎದ್ದಿರುವುದು ಒಳ್ಳೆಯದೋ? ಧರ್ಮಗುರುವಿನಿಂದ ಸಿಗುವ ಉತ್ತರ ಯಾವುದು ಅಂತ ನಮಗೆಲ್ಲ ಗೊತ್ತು. ಎದ್ದೇಳಿ, ಜಾಗೃತರಾಗಿ, ಅಷ್ಟೇ ತಾನೆ? ಮಹಾವೀರರು ಹಾಗೆ ಹೇಳಲಿಲ್ಲ. ಕೆಲವರು ಮಲಗಿರುವುದೇ ಒಳ್ಳೆಯದು ಅಂದರು. ಅಧರ್ಮದಲ್ಲೇ ಬದುಕುವವನು ಮಲಗಿರುವಷ್ಟು ಹೊತ್ತು ಬೇರೆ ಜೀವಿಗಳಿಗೆ ನೋವಾಗುವುದಿಲ್ಲ, ಅವನಿಗೂ ಒಳ್ಳೆಯದು. ಧರ್ಮದಲ್ಲಿ ಇರುವವನು ಎದ್ದಿರಲಿ. ಬಲಶಾಲಿ ಆಗಿರುವುದು ಒಳ್ಳೆಯದೋ ದುರ್ಬಲ ಆಗಿರುವುದೋ ಅಂತ ಕೇಳಿದಳು. ಅದಕ್ಕೂ ಅದೇ ಬಗೆಯ ಉತ್ತರ.

ಸತ್ಯಕ್ಕೆ ಹಲವು ಮುಖ ಅನ್ನುವ ನಮ್ಮ ಅನೇಕಾಂತ ಅಂದರೆ ಏನು ಅಂತ ಕೇಳಿದರೆ ನಾವು ಕುರುಡರು ಮತ್ತು ಆನೆಯ ಕಥೆ ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಎಲ್ಲರದೂ ಸ್ವಲ್ಪ ಸ್ವಲ್ಪ ಸರಿ ಅಂತ ಜಗಳ ಬಿಡಿಸುವ ಮಾತಾಗಿ ಅದು ಸವೆದುಹೋಗಿದೆ. ಜಯಂತಿಗೆ ಕೊಟ್ಟ ಉತ್ತರದಲ್ಲಿ ಆ ಮೆತ್ತಗಿನ ರಾಜಿ ಇಲ್ಲ. ಯಾರು ಮಲಗಿರುವುದು, ಅದರಿಂದ ಯಾರಿಗೆ ಏನಾಗುತ್ತದೆ ಅಂತ ನೋಡದೆ ಉತ್ತರ ಹೇಳುವುದಿಲ್ಲ ಅನ್ನುವ ಹಟ ಇದೆ. ಲೋಕಕ್ಕೆ ಕೊನೆ ಇದೆಯೇ ಅಂತ ಸ್ಕಂದಕ ಅನ್ನುವ ಪರಿವ್ರಾಜಕ ಕೇಳಿದಾಗಲೂ ಹಾಗೆಯೇ. ದ್ರವ್ಯದಿಂದ ನೋಡಿದರೆ ಇದೆ, ಕ್ಷೇತ್ರದಿಂದ ಇದೆ, ಕಾಲದಿಂದ ಇಲ್ಲ, ಭಾವದಿಂದ ಇಲ್ಲ. ಅದೇ ರಾಜಗೃಹದ ಬೀದಿಗಳಲ್ಲಿ ನಡೆದಾಡಿದ ಬುದ್ಧ ಇಂಥ ಪ್ರಶ್ನೆ ಬಂದಾಗ ಪಕ್ಕಕ್ಕಿಟ್ಟರು, ಬಿಡುಗಡೆಗೆ ಅದರಿಂದ ಉಪಯೋಗವಿಲ್ಲ ಅಂತ. ಮಹಾವೀರರು ಒಂದನ್ನೂ ಪಕ್ಕಕ್ಕಿಡಲಿಲ್ಲ. ಯಾವುದು ಹೆಚ್ಚು ಜಾಣತನ ಅಂತ ನಾನು ತೀರ್ಪು ಕೊಡಲಾರೆ. ಆದರೆ ಎದುರು ಕೂತು ಕೇಳುವವನಾಗಿ ಯಾರ ಹತ್ತಿರ ಹೋಗಲಿ ಅಂದರೆ, ನನಗೆ ಉತ್ತರ ಕೊಡುವವರೇ ಬೇಕು.

ಇನ್ನೊಂದು ಘಟನೆ ಹೇಳಲೇಬೇಕು. ವಾಣಿಜ್ಯಗ್ರಾಮದ ಆನಂದ ದೊಡ್ಡ ಸಾಹುಕಾರ, ಮಹಾವೀರರ ಶ್ರಾವಕ, ಅಂದರೆ ಗೃಹಸ್ಥ ಶಿಷ್ಯ. ಕೊನೆಗಾಲಕ್ಕೆ ಸಲ್ಲೇಖನ, ಅಂದರೆ ಆಹಾರ ಬಿಟ್ಟು ಸಾವನ್ನು ಎದುರುಗೊಳ್ಳುವ ವ್ರತ, ಹಿಡಿದು ಮಲಗಿದ್ದ. ಭಿಕ್ಷೆಗೆ ಹೋದ ಗೌತಮರು ಅವನನ್ನು ನೋಡಲು ಬಂದರು. ಏಳಲು ಆಗದ ಆನಂದ, ಹತ್ತಿರ ಬನ್ನಿ, ಪಾದ ಮುಟ್ಟುತ್ತೇನೆ ಅಂದ. ಆಮೇಲೆ, ತನಗೆ ದೂರದ್ದು ಕಾಣುವ ಅವಧಿಜ್ಞಾನ ಆಗಿದೆ, ಇಷ್ಟು ಇಷ್ಟು ದೂರದವರೆಗೆ ಕಾಣುತ್ತದೆ ಅಂತ ಹೇಳಿದ. ಗೃಹಸ್ಥನಿಗೆ ಅಷ್ಟು ದೂರದ್ದು ಸಾಧ್ಯವಿಲ್ಲ, ಹಾಗೆ ಹೇಳಿದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೋ ಅಂದರು ಗೌತಮರು. ಆನಂದ ಮೆಲ್ಲಗೆ ಕೇಳಿದ: "ಸ್ವಾಮಿ, ನಿಜ ಹೇಳಿದವನಿಗೂ ಪ್ರಾಯಶ್ಚಿತ್ತ ಉಂಟೇ?" ಇಲ್ಲ ಅಂದರು. "ಹಾಗಾದರೆ ಅದು ತಮಗೇ ಬೇಕಾದೀತು." ಗೌತಮರು ನೇರ ಮಹಾವೀರರ ಹತ್ತಿರ ಹೋಗಿ ನಡೆದದ್ದು ಹೇಳಿದರು. ಮಹಾವೀರರು ತನ್ನ ಮೊದಲ ಶಿಷ್ಯನ ಪರ ನಿಲ್ಲಲಿಲ್ಲ. ಆನಂದ ಹೇಳಿದ್ದು ಸರಿ, ಹೋಗಿ ಕ್ಷಮೆ ಕೇಳು ಅಂದರು. ಗಣಧರರಲ್ಲಿ ಮೊದಲನೆಯವರು, ಸಾವಿರಾರು ಮುನಿಗಳ ಸಂಘದ ಹಿರಿಯರು, ಬಂದ ದಾರಿಯಲ್ಲೇ ತಿರುಗಿ ಹೋಗಿ ಮಲಗಿದ್ದ ವ್ಯಾಪಾರಿಯ ಕ್ಷಮೆ ಕೇಳಿದರು. ಹಾದಿಯಲ್ಲಿ ಅವರಿಗೆ ಮುಜುಗರ ಆಯಿತೇ ಅಂತ ಸೂತ್ರ ಹೇಳುವುದಿಲ್ಲ. ಆಗಲಿಲ್ಲ ಅಂದುಕೊಳ್ಳಲು ನನಗೆ ಕಷ್ಟ.

ಶ್ರೇಣಿಕನ ಕಿವಿ

ಕನ್ನಡ ಓದುವವರಿಗೆ ಗೌತಮರು ಬೇರೊಂದು ದಾರಿಯಲ್ಲಿ ಪರಿಚಯ. ಜಿನಸೇನರ ಸಂಸ್ಕೃತ ಮಹಾಪುರಾಣ ಶುರುವಾಗುವುದು ವಿಪುಲಾಚಲದಲ್ಲಿ. ಮಗಧದ ರಾಜ ಶ್ರೇಣಿಕ ಕೇಳುತ್ತಾನೆ, ಗೌತಮ ಗಣಧರರು ಕಥೆ ಹೇಳುತ್ತಾರೆ. ಪಂಪ 941ರಲ್ಲಿ ಆದಿಪುರಾಣ ಬರೆಯುವಾಗ ಎದುರಿಗಿಟ್ಟುಕೊಂಡದ್ದು ಇದನ್ನೇ. ಆಮೇಲೆ ನಮ್ಮ ಎಷ್ಟೋ ಜೈನ ಕವಿಗಳು ಅದೇ ಚೌಕಟ್ಟು ಹಿಡಿದರು. ಶ್ರೇಣಿಕ ಕೇಳದಿದ್ದರೆ ಕಥೆಯೇ ಇಲ್ಲ. ನಾನು ಒಮ್ಮೆ ಹಳೆಯ ರಾಜಗೃಹಕ್ಕೆ, ಅಂದರೆ ಈಗಿನ ರಾಜಗೀರ್‌ಗೆ ಹೋಗಿದ್ದೆ. ಪಕ್ಕದ ರತ್ನಗಿರಿಯ ಶಾಂತಿ ಸ್ತೂಪಕ್ಕೆ ರೋಪ್‌ವೇ ಇದೆ, ಅಲ್ಲಿ ಉದ್ದ ಕ್ಯೂ. ವಿಪುಲಾಚಲಕ್ಕೆ ಮೆಟ್ಟಿಲೇ ಗತಿ. ಏದುಸಿರು ಬಿಡುತ್ತ ಹತ್ತುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಮಹಾವೀರರಲ್ಲ, ಈ ಶ್ರೇಣಿಕ.

ಯಾಕೆಂದರೆ ಶ್ರೇಣಿಕನ ಕಥೆ ಪೂರ್ತಿ ಸುಖದ್ದಲ್ಲ. ನಮ್ಮ ಮನೆಗಳಲ್ಲಿ ಹೇಳುವ ಹಾಗೆ, ಅವನು ಮಹಾವೀರರ ಭಕ್ತನಾಗುವ ಮೊದಲು ಯಶೋಧರ ಮುನಿಗಳ ಕೊರಳಿಗೆ ಸತ್ತ ಹಾವು ಹಾಕಿ ಬಂದಿದ್ದ. ರಾಣಿ ಚೇಲನೆಗೆ ಅದನ್ನು ತಮಾಷೆಯಾಗಿ ಹೇಳಿದ. ಅಷ್ಟು ಹೊತ್ತಿಗೆ ಆ ಮುನಿ ಅದನ್ನು ಕಿತ್ತೆಸೆದು ಹೋಗಿರುತ್ತಾನೆ ಅಂದ. ಇಲ್ಲ, ಹಾಗೆಯೇ ಇರುತ್ತಾರೆ ಅಂದಳು ಅವಳು. ಹೋಗಿ ನೋಡಿದರೆ ಹಾಗೆಯೇ ಇದ್ದರು, ಮೈತುಂಬ ಇರುವೆ. ಚೇಲನೆ ನೆಲಕ್ಕೆ ಸಕ್ಕರೆ ಹಾಕಿ ಇರುವೆಗಳನ್ನು ಇಳಿಸಿದಳು. ಕಣ್ಣು ತೆರೆದ ಮುನಿಗಳು ಇಬ್ಬರಿಗೂ ಒಂದೇ ಆಶೀರ್ವಾದ ಮಾಡಿದರು. ಅಲ್ಲಿಂದ ಶ್ರೇಣಿಕ ಬದಲಾದ. ಮಹಾವೀರರ ಸಭೆಯಲ್ಲಿ ಅವನು ಕೇಳಿದ ಪ್ರಶ್ನೆ 60,000 ಅನ್ನುತ್ತಾರೆ. ಆದರೆ ಹಾವು ಹಾಕಿದ ದಿನವೇ ನರಕದ ಆಯುಸ್ಸು ಕಟ್ಟಿಕೊಂಡಾಗಿತ್ತು. ಅಷ್ಟು ಪ್ರಶ್ನೆ ಕೇಳಿಯೂ ಅದು ಅಳಿಯಲಿಲ್ಲ, ಕಡಿಮೆ ಆಯಿತಷ್ಟೆ. ಮಗ ಕುಣಿಕನ ಸೆರೆಮನೆಯಲ್ಲಿ ಸತ್ತು ಮೊದಲ ನರಕಕ್ಕೆ ಹೋದ. ಕಾಲಚಕ್ರದ ಮುಂದಿನ ಅರ್ಧದಲ್ಲಿ ಅವನೇ ಮೊದಲ ತೀರ್ಥಂಕರ. ಕೇಳಿದ್ದಕ್ಕೆ ಫಲ ಇದೆ, ಮಾಡಿದ್ದಕ್ಕೆ ರಿಯಾಯಿತಿ ಇಲ್ಲ. ತನ್ನ ಅತಿ ದೊಡ್ಡ ಪೋಷಕ ರಾಜನನ್ನೇ ನರಕಕ್ಕೆ ಕಳಿಸಿ ಅದನ್ನು ಬಚ್ಚಿಡದ ಪರಂಪರೆ ನನಗೆ ಹೆಮ್ಮೆಯ ವಿಷಯ.

ದೀಪಾವಳಿಯ ಎರಡು ಹೊತ್ತು

ಪಾವಾಪುರಿಯಲ್ಲಿ 72ನೇ ವಯಸ್ಸಿಗೆ ಮಹಾವೀರರ ನಿರ್ವಾಣ. ಪರಂಪರೆಯ ಪ್ರಕಾರ ಕ್ರಿ.ಪೂ. 527. ಇತಿಹಾಸಕಾರರಲ್ಲಿ ಕೆಲವರು ಇನ್ನೂ ಈಚೆಗೆ ತರುತ್ತಾರೆ. ದೀಪಾವಳಿಯ ಬೆಳಿಗ್ಗೆ ನಾವು ಬಸದಿಯಲ್ಲಿ ನಿರ್ವಾಣ ಲಾಡು ಅರ್ಪಿಸುವುದು ಅದಕ್ಕೆ. ಸಂಜೆ ಹಚ್ಚುವ ದೀಪ ಗೌತಮರಿಗೆ. ಅದೇ ದಿನ ಅವರಿಗೆ ಕೇವಲಜ್ಞಾನ ಆಯಿತು. ನಮ್ಮ ಅಜ್ಜ ಇದರಲ್ಲಿ ಬಹಳ ಕಟ್ಟುನಿಟ್ಟು. ಅಂಗಡಿಯವರೆಲ್ಲ ಲಕ್ಷ್ಮೀಪೂಜೆ ಮಾಡುವಾಗ, "ಇದು ಮೋಕ್ಷಲಕ್ಷ್ಮಿಯ ಪೂಜೆ, ಗಲ್ಲಾಪೆಟ್ಟಿಗೆಯದ್ದಲ್ಲ" ಅಂತ ಗೊಣಗುತ್ತಿದ್ದರು. ಗುಜರಾತಿನ ಜೈನ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕದಲ್ಲಿ ಗೌತಮ ಸ್ವಾಮಿಯ ಹೆಸರು ಬರೆಯುತ್ತಾರೆ ಅಂತ ಗೊತ್ತಾದರೆ ಅಜ್ಜ ಏನನ್ನುತ್ತಿದ್ದರೋ.

30 ವರ್ಷ ಜೊತೆಗಿದ್ದ ಗೌತಮರಿಗೆ ಯಾಕೆ ಅಲ್ಲಿಯವರೆಗೆ ಕೇವಲಜ್ಞಾನ ಆಗಲಿಲ್ಲ? ಅವರ ಕೈಯಲ್ಲೇ ದೀಕ್ಷೆ ತಗೊಂಡ ಎಷ್ಟೋ ಜನ ಮುಂದೆ ದಾಟಿ ಹೋಗಿದ್ದರು. ಶ್ವೇತಾಂಬರ ಕಥೆ ಕಾರಣ ಹೇಳುತ್ತದೆ: ಮಹಾವೀರರ ಮೇಲಿನ ಪ್ರೀತಿ. ಅದೂ ರಾಗವೇ, ಅದೂ ಕಟ್ಟಿಹಾಕುತ್ತದೆ. ಕೊನೆಯ ದಿನ ಮಹಾವೀರರು ಅವರನ್ನು ಹತ್ತಿರದ ಹಳ್ಳಿಗೆ, ದೇವಶರ್ಮ ಅನ್ನುವವನಿಗೆ ಉಪದೇಶ ಮಾಡಲು ಕಳಿಸಿದರು. ವಾಪಸ್ ಬರುವ ದಾರಿಯಲ್ಲಿ ಸುದ್ದಿ ಸಿಕ್ಕಿತು. 80 ವರ್ಷದ ಮುನಿ ದಾರಿಯಲ್ಲೇ ಅತ್ತರು. ಗೊತ್ತಿದ್ದೂ ನನ್ನನ್ನು ದೂರ ಕಳಿಸಿದಿರಾ, ನಾನೇನು ಸೆರಗು ಹಿಡಿದು ಜೊತೆಗೆ ಬರುತ್ತಿದ್ದೆನಾ ಅಂತ ದೂರಿದರು. ದೂರುತ್ತಲೇ, ವೀತರಾಗಿಯ ಹತ್ತಿರ ಯಾರ ಮೇಲೆ ಈ ದೂರು ಅಂತ ಹೊಳೆಯಿತು. ಅಲ್ಲಿಗೆ ಕಟ್ಟು ಬಿಚ್ಚಿತು. ನಮ್ಮ ದಿಗಂಬರ ಪ್ರವಚನಗಳಲ್ಲಿ ಈ ಅಳು ಕೇಳಿಸುವುದಿಲ್ಲ, ದಿನ ಮಾತ್ರ ಅದೇ. ಕದ್ದಾದರೂ ಸರಿ, ನಾನು ಈ ಅಳುವನ್ನು ನಮ್ಮ ಕಥೆಗೆ ಸೇರಿಸಿಕೊಂಡಿದ್ದೇನೆ. ವಾದದಲ್ಲಿ ಸೋಲಿಸಲು ಹೊರಟಿದ್ದ ಮನುಷ್ಯ ಕೊನೆಗೆ ಬಿಡಿಸಿಕೊಳ್ಳಬೇಕಾದದ್ದು ಈ ಪ್ರೀತಿಯನ್ನು ಅನ್ನುವುದು ಬಿಟ್ಟುಬಿಡುವಂಥ ಮಾತಲ್ಲ.

ಆಮೇಲೆ 12 ವರ್ಷ ಗೌತಮರು ಕೇವಲಿಯಾಗಿ ಬದುಕಿದರು. ಅವರ ನಂತರ ಸುಧರ್ಮರು, ಅವರ ನಂತರ ಜಂಬೂಸ್ವಾಮಿ. ಶ್ವೇತಾಂಬರರ ಅಂಗಗಳು, ಅಂದರೆ ಮೂಲ ಆಗಮಗಳು, ಬಹಳಷ್ಟು ಸುಧರ್ಮರು ಜಂಬೂಗೆ ಹೇಳಿದ ಮಾತಾಗಿಯೇ ಉಳಿದಿವೆ: ಆಯುಷ್ಮಂತ, ಭಗವಂತರು ಹೀಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಕೇವಲಜ್ಞಾನ ಆದ ಮೇಲೆ ಗೌತಮರಿಗೆ ಕೇಳುವುದೇನೂ ಉಳಿಯಲಿಲ್ಲ. ಕೇಳುವ ಕೆಲಸ ಜಂಬೂವಿನದಾಯಿತು.